ಜನಸಂಖ್ಯೆ, ರೊಟ್ಟಿ ಮತ್ತು ನೈಲ್ ನದಿಯ ನೀರು

ಸಭೆಯಲ್ಲಿ ನೆರೆದಿರುವ ಹಿರಿಯರೇ, ಗೆಳೆಯರೇ, ವಿದ್ಯಾರ್ಥಿ ಮಿತ್ರರೇ,

ಜಗತ್ತಿನ ಜನಸಂಖ್ಯೆ 800 ಕೋಟಿ ಮುಟ್ಟಿತೆಂದು ವಿಶ್ವಸಂಸ್ಥೆ ಸಾರಿದ್ದು 2022ರ ನವೆಂಬರ್ 15ರಂದು. 1804ರ ಸುಮಾರಿಗೆ ನೂರು ಕೋಟಿಯಷ್ಟಿದ್ದ ಮನುಷ್ಯರು ಇನ್ನೂರು ಕೋಟಿಯಾಗಲು 120 ವರ್ಷಕ್ಕೂ ಹೆಚ್ಚು ಕಾಲ ಹಿಡಿದಿತ್ತು. ಏಳುನೂರು ಕೋಟಿಯಿಂದ ಎಂಟುನೂರು ಕೋಟಿಗೆ ಏರಲು ಹನ್ನೊಂದೇ ವರ್ಷ ಸಾಕಾಯಿತು. ಹಾಗೆಂದು ಈ ಏರಿಕೆಗೆ ಕೊನೆಯಿಲ್ಲ ಎಂದು ಭಾವಿಸಬೇಕಾಗಿಲ್ಲ. 1960ರ ದಶಕದಲ್ಲಿ ವರ್ಷಕ್ಕೆ ಶೇ. 2ನ್ನು ದಾಟಿದ್ದ ಬೆಳವಣಿಗೆಯ ದರ ಈಗ ಶೇ. 1ಕ್ಕಿಂತ ಕೆಳಗಿಳಿದಿದೆ, 2080ರ ದಶಕದ ನಡುಭಾಗದಲ್ಲಿ ಜನಸಂಖ್ಯೆ ಸುಮಾರು 1,030 ಕೋಟಿಗೆ ತಲುಪಿ ಅಲ್ಲಿಂದ ಇಳಿಯತೊಡಗಬಹುದೆಂದು ವಿಶ್ವಸಂಸ್ಥೆಯ 2024ರ ಅಂದಾಜು ಹೇಳುತ್ತದೆ.

ಈ ಒಟ್ಟು ಲೆಕ್ಕಗಳು ಮುಖ್ಯವಾದುವೇ. ಆದರೆ ಜಗತ್ತಿನ ನೀರನ್ನೆಲ್ಲ ಜಗತ್ತಿನ ಜನರಿಗೆಲ್ಲ ಹಂಚಿ ತೆಗೆದ ಸರಾಸರಿಯಿಂದ ಯಾರ ದಾಹವೂ ತೀರುವುದಿಲ್ಲ. ಜನ ಕುಡಿಯುವುದು, ಬೆಳೆ ಬೆಳೆಯುವುದು ತಮ್ಮ ನದಿಯಿಂದ, ತಮ್ಮ ಬಾವಿಯಿಂದ. ಜನಸಂಖ್ಯೆಯ ಒತ್ತಡ ಬೀಳುವುದೂ ಅಲ್ಲಿಯೇ; ಆ ಒತ್ತಡ ಅಲ್ಲಿ ತಡೆಯಲಾರದಷ್ಟಾದಾಗ ಧಾನ್ಯದ ವ್ಯಾಪಾರದ ಮೂಲಕ ಮತ್ತೊಂದು ನಾಡಿನ ನೀರಿನ ಮೇಲೆ ಹೊರಳುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಇದನ್ನೇ. ಅದಕ್ಕಾಗಿ ಈಜಿಪ್ಟನ್ನು ಆರಿಸಿಕೊಂಡಿದ್ದೇನೆ, ಏಕೆಂದರೆ ಇಷ್ಟು ಸ್ಪಷ್ಟವಾಗಿ ಒಂದೇ ನದಿಯನ್ನು ನಂಬಿ, ಆ ನದಿಯ ಪಾಲನ್ನೂ ಒಪ್ಪಂದದಲ್ಲಿ ಅಂಕಿ ಹಾಕಿ ಬರೆದುಕೊಂಡಿರುವ ದೊಡ್ಡ ದೇಶ ಮತ್ತೊಂದು ಸಿಗುವುದು ಕಷ್ಟ.

ಈಜಿಪ್ಟಿನಲ್ಲಿ ಬೇಸಾಯವನ್ನು ನಡೆಸುವಷ್ಟು ಮಳೆ ಬೀಳುವುದಿಲ್ಲ. ನೈಲ್ ಕಣಿವೆ ಮತ್ತು ಸಮುದ್ರ ಸೇರುವ ಮುನ್ನ ನದಿ ಕವಲೊಡೆಯುವ ಮುಖಜ ಭೂಮಿ, ಇವೆರಡು ಬಿಟ್ಟರೆ ಉಳಿದದ್ದೆಲ್ಲ ಬಹುತೇಕ ಮರಳುಗಾಡು, ದೇಶದ ಶೇ. 95ರಷ್ಟು ಜನ ನೆಲದ ಶೇ. 5ರಷ್ಟು ಭಾಗದಲ್ಲಿ ಒತ್ತೊತ್ತಾಗಿ ಬದುಕುತ್ತಾರೆ. 1959ರಲ್ಲಿ ಸುಡಾನಿನೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಈಜಿಪ್ಟಿನ ಪಾಲು ವರ್ಷಕ್ಕೆ 55.5 ಶತಕೋಟಿ ಘನ ಮೀಟರ್ ಎಂದೂ, ಸುಡಾನಿನ ಪಾಲು 18.5 ಶತಕೋಟಿ ಎಂದೂ ನಿಗದಿಯಾಯಿತು. ಉಳಿದ 10 ಶತಕೋಟಿಯನ್ನು ಅಸ್ವಾನ್ ಜಲಾಶಯದಲ್ಲಿ ಆವಿಯಾಗುವ ನೀರೆಂದು ಬಿಟ್ಟುಕೊಟ್ಟರು. ನಮಗೆ ರೂಢಿಯಿರುವ ಟಿಎಂಸಿ ಲೆಕ್ಕದಲ್ಲಿ ಈಜಿಪ್ಟಿನ ಪಾಲು ಸುಮಾರು 1,960 ಟಿಎಂಸಿ. ಕನ್ನಂಬಾಡಿ ಅಣೆಕಟ್ಟು ತುಂಬಿದಾಗ ನಿಲ್ಲುವುದು 49 ಟಿಎಂಸಿಯಾದ್ದರಿಂದ, ಅಂಥ ನಲವತ್ತು ಕನ್ನಂಬಾಡಿಗಳ ನೀರು ಎನ್ನಬಹುದು.

ಕೇಳಲು ಇದು ಅಪಾರವಾದ ನೀರು. ಒಪ್ಪಂದವಾದ ಕಾಲಕ್ಕೆ ಈಜಿಪ್ಟಿನ ಜನಸಂಖ್ಯೆ ಸುಮಾರು 2.6 ಕೋಟಿ, ಅಂದರೆ ತಲೆಗೆ 2,000 ಘನ ಮೀಟರಿಗೂ ಮಿಕ್ಕಿ ಸಿಗುತ್ತಿತ್ತು. 2020ರ ಫೆಬ್ರವರಿಯಲ್ಲಿ ಆ ದೇಶದ ಜನಸಂಖ್ಯೆ 10 ಕೋಟಿ ದಾಟಿತು. ಪಾಲು ಮಾತ್ರ ಅಂದು ಬರೆದದ್ದೇ ಇಂದಿಗೂ ಇದೆ, ತಲೆಗೆ ಸಿಗುವುದು 550 ಘನ ಮೀಟರಿಗೂ ಕೆಳಗಿಳಿದಿದೆ. ತಲೆಗೆ 1,000 ಘನ ಮೀಟರಿಗಿಂತ ಕಡಿಮೆ ಇರುವ ನಾಡನ್ನು ಜಲತಜ್ಞರು ನೀರಿನ ಕೊರತೆಯ ನಾಡೆಂದು ಗುರುತಿಸುತ್ತಾರೆ.

ನೀರು ಕಡಿಮೆಯಾದಾಗ ನಲ್ಲಿ ಒಣಗುವ ಮೊದಲೇ ಹೊಲಕ್ಕೆ ಪೆಟ್ಟು ಬೀಳುತ್ತದೆ. ಜಗತ್ತಿನಲ್ಲಿ ಮನುಷ್ಯರು ಬಳಸಲು ತೆಗೆಯುವ ಸಿಹಿನೀರಿನಲ್ಲಿ ಸುಮಾರು ಶೇ. 70 ಬೇಸಾಯಕ್ಕೆ ಹೋಗುವುದರಿಂದ ಹೀಗಾಗುವುದು ಸಹಜ. ನೈಲ್ ಮುಖಜ ಭೂಮಿಯ ಕಾಲುವೆಗಳಲ್ಲಿ ಸರದಿಯ ಪ್ರಕಾರ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುತ್ತಾರೆ. ಅಲ್ಲಿನ ಹೊಲಗಾಲುವೆಗಳು ಹೊಲದ ಮಟ್ಟಕ್ಕಿಂತ ತಗ್ಗಿನಲ್ಲಿ ಹರಿಯುವುದರಿಂದ ಪ್ರತಿಯೊಬ್ಬ ರೈತನೂ ನೀರನ್ನು ಎತ್ತಿಯೇ ಹಾಯಿಸಬೇಕು. ಹಿಂದೆ ಎತ್ತು ಕಟ್ಟಿದ ಚಕ್ರಗಳಿದ್ದ ಜಾಗದಲ್ಲಿ ಈಗ ಡೀಸೆಲ್ ಪಂಪುಗಳಿವೆ. ಕಾಲುವೆಯ ಮೇಲ್ಭಾಗದವರು ತಮ್ಮ ಸರದಿಯಲ್ಲಿ ಪಂಪು ಓಡಿಸಿದ ಮೇಲೆ ಕೊನೆಭಾಗದವರಿಗೆ ಬರುವುದು ಅಳಿದುಳಿದದ್ದು. ಅವರು ಬಸಿಗಾಲುವೆಯ ನೀರನ್ನು, ಎಂದರೆ ಒಮ್ಮೆ ಮೇಲಿನ ಹೊಲಗಳಿಂದ ಬಸಿದು ಉಪ್ಪು, ಗೊಬ್ಬರ, ಊರ ಕೊಳಚೆಯನ್ನು ಹೊತ್ತು ಬಂದ ನೀರನ್ನು, ಮತ್ತೆ ಎತ್ತಿ ಪೈರಿಗೆ ಬಿಡುತ್ತಾರೆ. ತುಂಗಭದ್ರಾ ನಾಲೆಯ ಕೊನೆಭಾಗದ ರೈತರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ನೀರು ಉಳಿಸಲು ಈಜಿಪ್ಟ್ ಸರ್ಕಾರ ಭತ್ತ ಬೆಳೆಯುವ ಪ್ರದೇಶಕ್ಕೆ ಮಿತಿ ಹಾಕಿದೆ. ಭತ್ತ ನೀರು ಕುಡಿಯುವ ಬೆಳೆಯಾದ್ದರಿಂದ ಈ ಮಿತಿ ನ್ಯಾಯವೆಂದೇ ತೋರುತ್ತದೆ. ಆದರೆ ಸಮುದ್ರದಂಚಿನ ಉತ್ತರ ಭಾಗದಲ್ಲಿ ಗದ್ದೆಯಲ್ಲಿ ನಿಂತ ನೀರೇ ಮಣ್ಣಿನ ಉಪ್ಪನ್ನು ಕೆಳಗೆ ತಳ್ಳಿ ನೆಲ ಸವಳಾಗದಂತೆ ಕಾಯುತ್ತದೆ. ಒಂದು ಕಡೆ ನೀರು ಉಳಿಸಲು ಹೊರಟರೆ ಇನ್ನೊಂದು ಕಡೆ ನೆಲ ಕೈಬಿಡುವ ಇಂಥ ಇಕ್ಕಟ್ಟನ್ನು ಕಾಗದದ ಮೇಲಿನ ಅಂಕಿಗಳು ತೋರಿಸುವುದಿಲ್ಲ. ಬಸಿಗಾಲುವೆ ನೀರನ್ನು ಶುದ್ಧೀಕರಿಸಿ ಮರುಬಳಸಲು 2021ರಲ್ಲಿ ಬಹ್ರ್ ಅಲ್-ಬಖರ್ ಎಂಬಲ್ಲಿ ದಿನಕ್ಕೆ 56 ಲಕ್ಷ ಘನ ಮೀಟರ್ ಸಾಮರ್ಥ್ಯದ ಬೃಹತ್ ಘಟಕ ಆರಂಭವಾಗಿದೆ. ಈ ದಿಸೆಯಲ್ಲಿ ಆ ದೇಶ ಮಾಡಿರುವ ಕೆಲಸ ಗೌರವಕ್ಕೆ ಅರ್ಹವಾದದ್ದು.

ಇಷ್ಟಾದರೂ ಅನ್ನದ ಲೆಕ್ಕ ಸರಿಹೊಂದುವುದಿಲ್ಲ. ಈಜಿಪ್ಟಿನ ಊಟವೆಂದರೆ ಗೋಧಿಯ ರೊಟ್ಟಿ. ಸುಮಾರು 7 ಕೋಟಿ ಜನರಿಗೆ ತಲೆಗೆ ದಿನಕ್ಕೆ ಐದರಂತೆ ಸರ್ಕಾರ ಅಗ್ಗದ ರೊಟ್ಟಿ ಒದಗಿಸುತ್ತದೆ. 1977ರ ಜನವರಿಯಲ್ಲಿ ಅಧ್ಯಕ್ಷ ಅನ್ವರ್ ಸಾದತ್ ಅವರ ಸರ್ಕಾರ ಆಹಾರದ ಸಬ್ಸಿಡಿಗೆ ಕೈ ಹಾಕಿದಾಗ ನಗರಗಳಲ್ಲಿ ಗಲಭೆಯೆದ್ದು, ಸೈನ್ಯವನ್ನು ಬೀದಿಗಿಳಿಸಿ, ಕಡೆಗೆ ಆ ನಿರ್ಧಾರವನ್ನೇ ಹಿಂತೆಗೆದುಕೊಳ್ಳಬೇಕಾಯಿತು. ಅದರ ನೆನಪು ಎಷ್ಟು ಆಳವಾಗಿತ್ತೆಂದರೆ, ಮೂರು ದಶಕಕ್ಕೂ ಹೆಚ್ಚು ಕಾಲ 5 ಪಿಯಾಸ್ಟರ್‌ನಲ್ಲೇ (ನೂರು ಪಿಯಾಸ್ಟರ್ ಸೇರಿದರೆ ಒಂದು ಈಜಿಪ್ಟ್ ಪೌಂಡ್) ನಿಂತಿದ್ದ ರೊಟ್ಟಿಯ ಬೆಲೆಯನ್ನು 20ಕ್ಕೆ ಏರಿಸಿದ್ದು 2024ರ ಜೂನ್‌ನಲ್ಲಿ.

ಈ ರೊಟ್ಟಿಯ ಗೋಧಿಯಲ್ಲಿ ಸುಮಾರು ಅರ್ಧದಷ್ಟು ಹೊರಗಿನಿಂದ ಬರಬೇಕು. ಜಗತ್ತಿನಲ್ಲಿ ಅತಿ ಹೆಚ್ಚು ಗೋಧಿ ಆಮದು ಮಾಡಿಕೊಳ್ಳುವ ದೇಶಗಳ ಮೊದಲ ಸಾಲಿನಲ್ಲಿ ಈಜಿಪ್ಟ್ ಇದೆ. ಅದರ ಆಮದು ವರ್ಷಕ್ಕೆ ಒಂದು ಕೋಟಿ ಟನ್ನಿನ ಆಸುಪಾಸು. ಜಾಗತಿಕ ಸರಾಸರಿಯಂತೆ ಒಂದು ಕಿಲೋ ಗೋಧಿ ಬೆಳೆಯಲು ಸುಮಾರು 1,800 ಲೀಟರ್ ನೀರು ಬೇಕು. ಆ ಲೆಕ್ಕದಲ್ಲಿ ಹಡಗುಗಳಲ್ಲಿ ಬಂದಿಳಿಯುವ ಗೋಧಿಯ ಹಿಂದಿರುವ ನೀರು ನೈಲ್ ನದಿಯಲ್ಲಿ ಈಜಿಪ್ಟಿಗಿರುವ ಪಾಲಿನ ಮೂರನೆಯ ಒಂದರಷ್ಟಾಗುತ್ತದೆ. ಧಾನ್ಯದೊಳಗೆ ಹೀಗೆ ಕಣ್ಣಿಗೆ ಕಾಣದೆ ಸಾಗುವ ನೀರನ್ನು ಲಂಡನ್ನಿನ ವಿದ್ವಾಂಸ ಟೋನಿ ಆಲನ್ ಅವರು 1990ರ ದಶಕದಲ್ಲಿ ವಿವರಿಸಿದರು. ಮರುಭೂಮಿಯ ದೇಶಗಳು ನೀರಿಗಾಗಿ ಯುದ್ಧ ಮಾಡದೆ ಉಳಿದದ್ದು ಧಾನ್ಯ ಕೊಂಡದ್ದರಿಂದ ಎಂಬುದು ಅವರ ವಾದದ ತಿರುಳು. ಆ ವಾದ ನನಗೆ ಬಹುಮಟ್ಟಿಗೆ ಒಪ್ಪಿಗೆಯಾಗುತ್ತದೆ. ಆದರೆ ಆ ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಈ ಪ್ರಶ್ನೆ ನಮ್ಮ ಮನೆಬಾಗಿಲಿಗೇ ಬರುತ್ತದೆ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾದಾಗ, ಆಮದಿನ ಬಹುಪಾಲಿಗೆ ರಷ್ಯಾ ಮತ್ತು ಉಕ್ರೇನನ್ನೇ ನೆಚ್ಚಿದ್ದ ಈಜಿಪ್ಟ್, ಏಪ್ರಿಲ್‌ನಲ್ಲಿ ಭಾರತದ ಗೋಧಿಗೆ ಒಪ್ಪಿಗೆ ನೀಡಿತು. ಆದರೆ ಆ ವರ್ಷದ ಮಾರ್ಚ್, ಭಾರತದ ಹವಾಮಾನ ಇಲಾಖೆಯ 1901ರಿಂದೀಚಿನ ದಾಖಲೆಯಲ್ಲೇ ಅತಿ ಬಿಸಿಯಾದ ಮಾರ್ಚ್ ಆಗಿತ್ತು. ಕಾಳು ಕಟ್ಟುವ ಹೊತ್ತಿಗೆ ಗೋಧಿ ಬಿಸಿಲಿಗೆ ಸುರುಟಿತು. ಮೇ 13ರಂದು ಭಾರತ ಗೋಧಿ ರಫ್ತನ್ನು ನಿಷೇಧಿಸಿತು. ಕಾಂಡ್ಲಾ ಬಂದರಿನಲ್ಲಿ ಅದಾಗಲೇ ತುಂಬಿಸುತ್ತಿದ್ದ 61,500 ಟನ್ನುಗಳ ಒಂದು ಸರಕನ್ನು ಈಜಿಪ್ಟಿನ ಕೋರಿಕೆಯ ಮೇರೆಗೆ ಬಿಟ್ಟುಕೊಡಲಾಯಿತು. ಕೈರೋದ ಬೇಕರಿಯ ಮುಂದೆ ರೊಟ್ಟಿಗಾಗಿ ಸಾಲು ನಿಲ್ಲುವ ಹೆಣ್ಣುಮಗಳ ದಿನದ ಊಟ ಉತ್ತರ ಭಾರತದ ಒಂದು ತಿಂಗಳ ಬಿಸಿಲಿಗೆ ಕಟ್ಟುಬಿದ್ದಿತ್ತು.

ಎಲ್ಲ ಗೋಧಿಯ ನೀರೂ ಒಂದೇ ಬಗೆಯದಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಕಪ್ಪು ಸಮುದ್ರದ ಸುತ್ತಲಿನ ಗೋಧಿ ಬಹುಮಟ್ಟಿಗೆ ಮಳೆ ಮತ್ತು ಹಿಮದ ನೀರಿನಲ್ಲಿ ಬೆಳೆಯುತ್ತದೆ. ಪಂಜಾಬಿನ ಗೋಧಿ, ಭತ್ತಗಳು ಬಹುಪಾಲು ಕೊಳವೆಬಾವಿಯ ನೀರಿನಲ್ಲಿ ಬೆಳೆಯುತ್ತವೆ. ಅಮೆರಿಕ ಮತ್ತು ಚೀನಾ ಎರಡೂ ಸೇರಿ ತೆಗೆಯುವುದಕ್ಕಿಂತ ಹೆಚ್ಚು ಅಂತರ್ಜಲವನ್ನು ಭಾರತ ಒಂದೇ ತೆಗೆಯುತ್ತದೆ. ಪಂಜಾಬಿನಲ್ಲಿ ವರ್ಷವರ್ಷ ನಿಶ್ಚಿಂತೆಯಾಗಿ ಎತ್ತಬಹುದಾದ ಪ್ರಮಾಣದ ಒಂದೂವರೆ ಪಟ್ಟು ನೀರು ಮೇಲೆ ಬರುತ್ತಿದೆ. ಬಿರುಬೇಸಗೆಯಲ್ಲೇ ನಾಟಿ ಮಾಡುವುದನ್ನು ತಡೆಯಲು 2009ರಲ್ಲಿ ಅಲ್ಲಿ ಕಾನೂನನ್ನೇ ತರಬೇಕಾಯಿತು. 2022-23ರಲ್ಲಿ ಭಾರತ ಎರಡು ಕೋಟಿ ಟನ್ನಿಗೂ ಮಿಕ್ಕಿ ಅಕ್ಕಿಯನ್ನು ಹೊರದೇಶಗಳಿಗೆ ಕಳಿಸಿತು. ಕಿಲೋ ಭತ್ತಕ್ಕೆ ಮಳೆನೀರೂ ಸೇರಿ 2,500 ಲೀಟರ್ ಎಂಬ ರೂಢಿಯ ಸರಾಸರಿ ಹಿಡಿದರೂ ಅದು 50 ಶತಕೋಟಿ ಘನ ಮೀಟರನ್ನು ದಾಟುತ್ತದೆ; ಹೆಚ್ಚುಕಡಿಮೆ ಈಜಿಪ್ಟಿನ ನೈಲ್ ಪಾಲಿನಷ್ಟೇ ನೀರು ನಮ್ಮ ಬಂದರುಗಳಿಂದ ಚೀಲಗಳಲ್ಲಿ ಹೊರಟುಹೋಗುತ್ತಿದೆ. ಹಸಿದ ದೇಶಗಳಿಗೆ ಅಕ್ಕಿ ಮಾರಬಾರದೆಂದು ನಾನು ಹೇಳುತ್ತಿಲ್ಲ. ಮಳೆ ಸಾಕಷ್ಟು ಬೀಳುವ ಪೂರ್ವ ಭಾರತದ ಅಕ್ಕಿ ಹೋಗಲಿ. ಇಳಿಯುತ್ತಲೇ ಇರುವ ಕೊಳವೆಬಾವಿಯ ಅಕ್ಕಿಯನ್ನು ಉಚಿತ ವಿದ್ಯುತ್ತಿನ ಬಲದಿಂದ ಅಗ್ಗಮಾಡಿ ಮಾರುವುದು ತಪ್ಪು.

ಜನನ ಪ್ರಮಾಣದ ಮಾತನ್ನು ಬಿಡುವಂತಿಲ್ಲ. ಈಜಿಪ್ಟಿನಲ್ಲಿ ಒಬ್ಬ ಮಹಿಳೆ ಹೆರುವ ಮಕ್ಕಳ ಸರಾಸರಿ 2008ರಲ್ಲಿ 3ಕ್ಕೆ ಇಳಿದಿದ್ದುದು 2014ರಲ್ಲಿ 3.5ಕ್ಕೆ ಏರಿ, 2021ರ ಸಮೀಕ್ಷೆಯಲ್ಲಿ 2.85ಕ್ಕೆ ಬಂದಿದೆ. ಕರ್ನಾಟಕದಲ್ಲಿ ಇದು 1.7. ಹೆಣ್ಣುಮಕ್ಕಳ ಓದು, ತಡವಾದ ಮದುವೆ, ಕೈಗೆಟಕುವ ಆರೋಗ್ಯ ಸೇವೆ ಇವುಗಳಿಂದ ಜನನ ಪ್ರಮಾಣ ಒತ್ತಾಯವಿಲ್ಲದೆ ಇಳಿಯುತ್ತದೆ ಎಂಬುದಕ್ಕೆ ದಕ್ಷಿಣ ಭಾರತವೇ ಸಾಕ್ಷಿ. ಆದರೆ ಈಗಾಗಲೇ ಹುಟ್ಟಿರುವ ಮಕ್ಕಳು ದೊಡ್ಡವರಾಗಿ ಸಂಸಾರ ಹೂಡುವವರೆಗೆ ಜನಸಂಖ್ಯೆ ಏರುತ್ತಲೇ ಇರುತ್ತದೆ. ನೀರಿನ ಏರ್ಪಾಡಿಗೆ ಅಷ್ಟು ಕಾಯಲಾಗದು.

ಕಾಯಲಾಗದೆಂಬುದಕ್ಕೆ ಕಾರಣ ನದಿಯ ಮೇಲ್ಭಾಗದಲ್ಲಿದೆ. ನೈಲ್ ನದಿಯ ಸುಮಾರು ಶೇ. 85ರಷ್ಟು ನೀರು ಬರುವುದು ಇಥಿಯೋಪಿಯದ ಬೆಟ್ಟಗಳಿಂದ. 1959ರ ಒಪ್ಪಂದದಲ್ಲಿ ಇಥಿಯೋಪಿಯಕ್ಕೆ ಪಾಲೂ ಇರಲಿಲ್ಲ, ಮಾತೂ ಇರಲಿಲ್ಲ. ಇಂದು 12 ಕೋಟಿಗೂ ಹೆಚ್ಚು ಜನರಿರುವ, ಅವರಲ್ಲಿ ಬಹಳ ಮಂದಿಯ ಮನೆಗೆ ಇನ್ನೂ ವಿದ್ಯುತ್ ಬಾರದ ಆ ದೇಶ, ತನ್ನ ಬೆಟ್ಟಗಳಿಂದ ಇಳಿದು ನೈಲ್ ಸೇರುವ ಉಪನದಿ ನೀಲಿ ನೈಲ್‌ಗೆ 74 ಶತಕೋಟಿ ಘನ ಮೀಟರಿನ ಅಣೆಕಟ್ಟು ಕಟ್ಟಿ, 2020ರಿಂದ ನೀರು ತುಂಬಿಸಿ, 2025ರ ಸೆಪ್ಟೆಂಬರಿನಲ್ಲಿ ಉದ್ಘಾಟಿಸಿದೆ. ಮೇಲ್ಭಾಗದ ನಾಡಿನ ನೋವು ಏನೆಂಬುದನ್ನು 1892 ಮತ್ತು 1924ರ ಕಾವೇರಿ ಒಪ್ಪಂದಗಳನ್ನು ಕಂಡ ನಾವು ಅರಿಯಬಲ್ಲೆವು. ಕೆಳಭಾಗದವರ ಭಯವೂ ಅಷ್ಟೇ ನಿಜವಾದದ್ದು. 2050ರ ಹೊತ್ತಿಗೆ ಈಜಿಪ್ಟ್ 16 ಕೋಟಿಗೆ, ಇಥಿಯೋಪಿಯ 20 ಕೋಟಿಯಾಚೆಗೆ ಬೆಳೆಯುವ ಅಂದಾಜಿದೆ.

ವಿದ್ಯುತ್ತಿಗಾಗಿ ಹಾಯುವ ನೀರು ಮುಂದಕ್ಕೆ ಹರಿದೇ ಹರಿಯುತ್ತದೆ, ಆದ್ದರಿಂದ ಒಳ್ಳೆಯ ಮಳೆಗಾಲದಲ್ಲಿ ಜಗಳಕ್ಕೆ ಹೆಚ್ಚು ಆಸ್ಪದವಿಲ್ಲ. 1984ರ ಸುಮಾರಿಗೆ ಇಥಿಯೋಪಿಯವನ್ನು ಕಾಡಿದಂಥ ಬರ ವರ್ಷಗಟ್ಟಲೆ ಮರುಕಳಿಸಿದರೆ, ಮೇಲಿನ ಜಲಾಶಯದಿಂದ ಯಾವ ತಿಂಗಳು ಎಷ್ಟು ಬಿಡಬೇಕು, ಅದನ್ನು ಅಳೆಯುವವರು ಯಾರು ಎಂಬುದಕ್ಕೆ ಮೂರೂ ದೇಶಗಳನ್ನು ಕಟ್ಟಿಹಾಕುವ ಒಪ್ಪಂದ ಇಲ್ಲ. ಕಾವೇರಿಯಲ್ಲೂ ಮಳೆ ಕೈಕೊಟ್ಟ 2012, 2016 ಮತ್ತು 2023ರಲ್ಲಿ ನಾವು ಮುಗ್ಗರಿಸಿದ್ದು ಈ ಸಂಕಷ್ಟ ಹಂಚಿಕೆಯ ಸೂತ್ರದಲ್ಲಿಯೇ. ಬರಗಾಲದ ಹಂಚಿಕೆಯನ್ನು ಬರ ಬಂದ ಮೇಲೆ ಚರ್ಚಿಸಲಾಗದು. ಜಲಾಶಯಗಳು ತುಂಬಿರುವ ವರ್ಷದಲ್ಲಿ, ಎರಡೂ ಕಡೆಯ ಹರಿವಿನ ಅಂಕಿಗಳನ್ನು ಬಹಿರಂಗವಾಗಿ ಮುಂದಿಟ್ಟುಕೊಂಡು, ಮೊದಲು ಬರೆದು ಮುಗಿಸಬೇಕಾದ ಕರಾರು ಅದೇ.