ರಾವೇ ಜೈಲಿನ ಏಳು ದನಿಗಳು

ಕೇಳುಗರಿಗೆ ನಮಸ್ಕಾರ.

"ನಾಳೆ ನಾನು ಇವತ್ತಿಗಿಂತ ಒಳ್ಳೆಯವನಾಗಿರುತ್ತೇನೆ."

ಮನೆಯಲ್ಲಿ ಜಗಳವಾಡಿಕೊಂಡ ಗಂಡ ಹೆಂಡತಿಗೆ ಈ ಮಾತು ಹೇಳಿದರೆ ಅದಕ್ಕೆ ಒಂದು ಅರ್ಥ. ಜೈಲಿನಲ್ಲಿ ವರ್ಷಗಟ್ಟಲೆ ಕಳೆದವನು ಬಿಡುಗಡೆಯ ಅರ್ಜಿ ಹಾಕಿಕೊಂಡು, ಮೇಜಿನ ಆಚೆ ಕೂತ ಅಧಿಕಾರಿಗಳ ಮುಂದೆ ನಿಂತು ಹೇಳಿದರೆ ಬೇರೆಯೇ ಅರ್ಥ. ಅಮೆರಿಕದ ಒಂದು ಹಾಡಿಗೆ ಈ ಎರಡೂ ಅರ್ಥ ಸಿಕ್ಕಿತು. ಹಾಡಿನ ಹೆಸರು 'ಐಲ್ ಬಿ ಸ್ವೀಟರ್ ಟುಮಾರೊ'. 1967ರಲ್ಲಿ ಅದನ್ನು ಮೊದಲು ಹಾಡಿದವರು 'ದಿ ಓಜೇಸ್' ಎಂಬ ಹೆಸರುವಾಸಿ ತಂಡದವರು. ಆಗ ಅದು ಪ್ರೇಮಿಯ ಕ್ಷಮಾಪಣೆ. ಆರು ವರ್ಷದ ನಂತರ, 1973ರಲ್ಲಿ, ಅದನ್ನೇ ಏಳು ಜನ ಕೈದಿಗಳು ಹಾಡಿದರು. ನ್ಯೂಜೆರ್ಸಿಯ ರಾವೇ ಸ್ಟೇಟ್ ಪ್ರಿಸನ್ನಿನ ಗೋಡೆಗಳ ಒಳಗೇ ನಿಂತು ಹಾಡಿದರು.

ತಂಡದ ಹೆಸರು 'ದಿ ಎಸ್ಕಾರ್ಟ್ಸ್'. ಎಲ್‌.ಪಿ., ಅಂದರೆ ಗ್ರಾಮಫೋನ್ ತಟ್ಟೆಯ, ಹೆಸರು 'ಆಲ್ ವಿ ನೀಡ್ ಈಸ್ ಅನದರ್ ಚಾನ್ಸ್', ಅಂದರೆ 'ನಮಗೆ ಬೇಕಿರುವುದು ಇನ್ನೊಂದು ಅವಕಾಶ, ಅಷ್ಟೇ'. ಅಮೆರಿಕದ ಕಪ್ಪು ಜನರ 'ಸೋಲ್' ಸಂಗೀತದ ಹಳೇ ತಟ್ಟೆಗಳನ್ನು ಹುಡುಕಿ ಕೂಡಿಡುವವರಿಗೆ ಈ ಹೆಸರು ಗೊತ್ತು. ಅವರ ಆಚೆಗೆ ಗೊತ್ತಿರುವವರು ಕಡಿಮೆ. ಇವತ್ತು ನಿಮಗೆ ಆ ತಟ್ಟೆಯ ಕತೆ ಹೇಳಬೇಕೆಂದು ಬಂದಿದ್ದೇನೆ.

ಮೊದಲು ಈ ಬಗೆಯ ಹಾಡುಗಾರಿಕೆಯ ಬಗ್ಗೆ ಎರಡು ಮಾತು. ನಾನು ಚಿಕ್ಕಂದಿನಿಂದ ಭಜನೆಯಲ್ಲಿ ಹಾಡಿ ಬೆಳೆದವನು. ಭಜನೆಯಲ್ಲಿ ಇಪ್ಪತ್ತು ಜನ ಕೂತರೂ ಎಲ್ಲರದ್ದೂ ಒಂದೇ ಸ್ವರ. ಯಾರಾದರೂ ಆಚೀಚೆ ಹೋದರೆ ಹಿರಿಯರು ಹಾರ್ಮೋನಿಯಂ ನಿಲ್ಲಿಸಿ ಕಣ್ಣು ಬಿಡುತ್ತಿದ್ದರು. ಇಲ್ಲಿಯ ರೀತಿ ಬೇರೆ. ಒಬ್ಬ ಷಡ್ಜ ಹಿಡಿದರೆ ಅದೇ ಗಳಿಗೆಗೆ ಪಕ್ಕದವನು ಗಾಂಧಾರ, ಅವನ ಪಕ್ಕದವನು ಪಂಚಮ. ಮೂರೂ ಸೇರಿ ಒಂದೇ ದನಿಯ ಹಾಗೆ ಕೇಳಬೇಕು. ತಳದಲ್ಲಿ ದಪ್ಪ ಕಂಠದವನೊಬ್ಬ, ಮೇಲೆ ಕಳ್ಳದನಿಯಲ್ಲಿ, ಅಂದರೆ ಸಹಜ ಕಂಠಕ್ಕಿಂತ ಮೇಲೆ ತೆಳ್ಳಗೆ ಮಾಡಿಕೊಂಡ ದನಿಯಲ್ಲಿ, ತೇಲುವವನೊಬ್ಬ. ನಮ್ಮ ಸಂಗೀತಪಾಠದಲ್ಲಿ ಕಳ್ಳದನಿಯನ್ನು ದೋಷವೆಂದೇ ಹೇಳಿಕೊಡುತ್ತಾರೆ. ಸೋಲ್ ಸಂಗೀತದಲ್ಲಿ ಮಾತ್ರ ಅದು ಒಡವೆ. ಗಂಡಸು ತನ್ನ ಗಟ್ಟಿತನ ಬಿಟ್ಟುಕೊಟ್ಟು ಬೇಡಿಕೊಳ್ಳುವುದು ಆ ದನಿಯಲ್ಲೇ.

ಈ ಹಾಡುಗಾರಿಕೆ ಕಪ್ಪು ಜನರ ಚರ್ಚುಗಳಲ್ಲಿ ಹುಟ್ಟಿ, ನ್ಯೂಯಾರ್ಕ್, ನ್ಯೂಜೆರ್ಸಿಯ ನ್ಯೂವರ್ಕ್, ಫಿಲಡೆಲ್ಫಿಯಾದ ಬೀದಿ ಮೂಲೆಗಳಲ್ಲಿ ಬೆಳೆದದ್ದು. ಹುಡುಗರ ಹತ್ತಿರ ವಾದ್ಯ ಕೊಳ್ಳುವ ದುಡ್ಡಿರಲಿಲ್ಲ. ಮೆಟ್ಟಿಲ ಕೆಳಗೆ, ಸುರಂಗ ರೈಲಿನ ನಿಲ್ದಾಣಗಳಲ್ಲಿ, ಎಲ್ಲಿ ದನಿ ಚೆನ್ನಾಗಿ ಮಾರ್ದನಿಸುತ್ತದೋ ಅಲ್ಲಿ ನಾಲ್ಕೈದು ಜನ ಕೂಡಿ ಹಾಡುತ್ತಿದ್ದರು. ಗಂಟಲೊಂದಿದ್ದರೆ ಸಾಕು. ಹಾಗಾಗಿಯೇ ಜೈಲಿನಲ್ಲೂ ಇದು ಬದುಕಿತು. ಒಳಗೆ ಕಳಿಸುವಾಗ ಜೇಬಿನಲ್ಲಿದ್ದದ್ದನ್ನೆಲ್ಲ ತೆಗೆದಿಟ್ಟುಕೊಳ್ಳುತ್ತಾರೆ, ಕಂಠವನ್ನು ತೆಗೆದಿಟ್ಟುಕೊಳ್ಳಲು ಆಗುವುದಿಲ್ಲವಲ್ಲ.

ರಾವೇ ಎಂದರೆ ನ್ಯೂಜೆರ್ಸಿಯವರಿಗೆ ಆಗ ಊರಿಗಿಂತ ಹೆಚ್ಚಾಗಿ ಜೈಲೇ ನೆನಪಾಗುತ್ತಿತ್ತು. ನೆತ್ತಿಯ ಮೇಲೆ ದೊಡ್ಡ ಗುಮ್ಮಟ ಹೊತ್ತ ಹಳೇ ಕಟ್ಟಡ ಅದು. 1988ರಲ್ಲಿ ಅದರ ಹೆಸರನ್ನು ಈಸ್ಟ್ ಜೆರ್ಸಿ ಸ್ಟೇಟ್ ಪ್ರಿಸನ್ ಎಂದು ಬದಲಾಯಿಸಿದರು. ಜೈಲಿನಿಂದಾಗಿ ತಮ್ಮ ಊರಿನ ಹೆಸರು ಕೆಡುತ್ತಿದೆ ಎಂದು ಊರಿನವರೇ ಕೇಳಿಕೊಂಡಿದ್ದರು. 1971ರ ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ರಾತ್ರಿ, ಅಲ್ಲಿ ಕೈದಿಗಳು ದಂಗೆ ಎದ್ದು ಜೈಲಿನ ಮುಖ್ಯಾಧಿಕಾರಿಯನ್ನೇ ಒತ್ತೆ ಇಟ್ಟುಕೊಂಡಿದ್ದರು. ಅದಕ್ಕೆ ಎರಡು ತಿಂಗಳ ಹಿಂದೆ ನ್ಯೂಯಾರ್ಕ್ ರಾಜ್ಯದ ಆಟಿಕಾ ಜೈಲಿನಲ್ಲಿ ಇಂಥದ್ದೇ ದಂಗೆ ರಕ್ತಪಾತದಲ್ಲಿ ಮುಗಿದಿತ್ತು. ರಾವೇಯಲ್ಲಿ ಮಾತುಕತೆಯಾಯಿತು, ಒಂದು ಜೀವವೂ ಹೋಗಲಿಲ್ಲ. ಎಸ್ಕಾರ್ಟ್ಸ್ ತಟ್ಟೆ ಬಂದದ್ದು ಇದಾದ ಎರಡೇ ವರ್ಷಕ್ಕೆ.

ತಂಡ ಕಟ್ಟಿದವನು ರೆಜಿನಾಲ್ಡ್ ಹೇನ್ಸ್. ಮುಖ್ಯ ಗಾಯಕನೂ ಅವನೇ. ಜೈಲಿನೊಳಗೆ ನಡೆದ ಒಂದು ಸಂಗೀತ ಕಾರ್ಯಕ್ರಮದಲ್ಲಿ ಇವರ ಹಾಡು ಜಾರ್ಜ್ ಕರ್ ಎಂಬಾತನ ಕಿವಿಗೆ ಬಿತ್ತು. ಕರ್ ಅಂತಿಂಥವನಲ್ಲ. ನಾನು ಮೊದಲಿಗೆ ಹೇಳಿದ ಓಜೇಸ್ ತಂಡದ ಹಾಡನ್ನು ರೆಕಾರ್ಡ್ ಮಾಡಿಸಿದ್ದವನು ಅವನೇ. ಲಿಂಡಾ ಜೋನ್ಸ್ ಎಂಬ ಅಪ್ರತಿಮ ಗಾಯಕಿಯ 'ಹಿಪ್ನಟೈಜ್ಡ್' ಹಾಡಿನ ಹಿಂದೆಯೂ ಅವನಿದ್ದ. ಬೇಡಿಕೊಳ್ಳುವ ಹಾಡು ಎಂದರೆ ಏನು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಈ ಗಾಯಕರು ಸ್ಟುಡಿಯೊಗೆ ಹೋಗುವಂತಿಲ್ಲ. ಸ್ಟುಡಿಯೊವೇ ಇವರ ಬಳಿಗೆ ಬರಬೇಕು. ಅದಕ್ಕೆ ಸರ್ಕಾರದ ಅಪ್ಪಣೆ ಬೇಕು. ಕರ್ ಅದರ ಹಿಂದೆ ವರ್ಷಗಟ್ಟಲೆ ಅಲೆದ. ನನಗೆ ಈ ಕತೆಯಲ್ಲಿ ಬಹಳ ಹಿಡಿಸುವುದು ಈ ಅಲೆದಾಟ. ಹೊರಗೆ ಅವನಿಗೆ ಗಾಯಕರ ಕೊರತೆಯೇನೂ ಇರಲಿಲ್ಲ. ಅರ್ಧ ದಿನದಲ್ಲಿ ಬೇರೊಂದು ತಂಡವನ್ನು ಕೂಡಿಸಬಹುದಿತ್ತು. ಅವನಿಗೆ ಈ ಏಳು ಜನರೇ ಬೇಕಾಗಿದ್ದರು. ಕೊನೆಗೂ ಸಲಕರಣೆಗಳನ್ನು ಜೈಲಿನೊಳಗೆ ಒಯ್ದು ಅವರ ದನಿ ಹಿಡಿದ. ಅಲಿಥಿಯಾ ಎಂಬ ನ್ಯೂಜೆರ್ಸಿಯ ಸಣ್ಣ ಕಂಪನಿ ತಟ್ಟೆ ಹೊರತಂದಿತು.

ಈ ತಟ್ಟೆಯಲ್ಲಿರುವುದರಲ್ಲಿ ಬಹುಪಾಲು ಬೇರೆಯವರು ಆಗಲೇ ಹಾಡಿ ಹೆಸರು ಮಾಡಿದ್ದ ಹಾಡುಗಳು. ಇದನ್ನೇ ಕೊರತೆ ಎಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹಾಡು ಹಳೆಯದಾಗಿದ್ದರಿಂದಲೇ ಹಾಡುವವನು ನಿಂತ ಜಾಗ ಎದ್ದು ಕಾಣುತ್ತದೆ. 'ಲುಕ್ ಓವರ್ ಯುವರ್ ಶೋಲ್ಡರ್' ತೆಗೆದುಕೊಳ್ಳಿ. ಇದೂ ಓಜೇಸ್ ತಂಡದ್ದೇ, 1968ರದ್ದು. ಬಿಟ್ಟು ಹೊರಟವಳಿಗೆ ಅವನು ಹೇಳುತ್ತಾನೆ: ಎಲ್ಲಿಗೇ ಹೋಗು, ಒಮ್ಮೆ ಹಿಂದಿರುಗಿ ನೋಡು, ನಾನು ಇರುತ್ತೇನೆ. ಹೊರಗಿರುವವನು ಹಾಡಿದರೆ ಅದು ಭರವಸೆಯ ಮಾತು. ರಾವೇಯಲ್ಲಿ ನಿಂತವನು ಅವಳ ಹಿಂದೆ ಒಂದು ಹೆಜ್ಜೆಯನ್ನೂ ಇಡಲಾರ. ಅವಳು ಬೀದಿಯಲ್ಲಿ ತಿರುಗಿ ನೋಡಿದರೆ ಅಲ್ಲಿ ಯಾರೂ ಇರುವುದಿಲ್ಲ. ಅದು ಅವನಿಗೂ ಗೊತ್ತು. ಗೊತ್ತಿದ್ದೂ ಹಾಡುತ್ತಾನೆ. ಹಿಂದಿನ ದನಿಗಳು ಮತ್ತೆ ಮತ್ತೆ ಅದೇ ಸಾಲನ್ನು ಎತ್ತಿ ಕೊಡುತ್ತವೆ, ಕುಸಿಯುವವನ ರಟ್ಟೆ ಹಿಡಿದ ಹಾಗೆ.

ಇನ್ನು ಸ್ಮೋಕಿ ರಾಬಿನ್ಸನ್‌ನ 'ಊ ಬೇಬಿ ಬೇಬಿ'. 1965ರಲ್ಲಿ ಅವನ ಮಿರಕಲ್ಸ್ ತಂಡ ಹಾಡಿದ್ದು. ನನ್ನಿಂದ ತಪ್ಪಾಯಿತು, ಅದಕ್ಕೆ ಬೆಲೆ ತೆತ್ತೆ ಎನ್ನುವ ಹಾಡು. ಸ್ಮೋಕಿಯ ಬಾಯಲ್ಲಿ ಅದು ರೇಷ್ಮೆ. ಎಸ್ಕಾರ್ಟ್ಸ್ ಹಾಡುವಾಗ ಆ 'ತಪ್ಪು' ಎಂಬ ಶಬ್ದದ ಮೇಲೆ ನನ್ನ ಕಿವಿ ನಿಂತುಬಿಡುತ್ತದೆ. ಇವರನ್ನು ನಾನು ಸಂತರನ್ನಾಗಿ ಮಾಡುತ್ತಿಲ್ಲ. ಜೈಲಿಗೆ ಹೋದವರ ಹಿಂದೆ ನೊಂದವರೂ ಇರುತ್ತಾರೆ, ಅವರ ನೋವು ಯಾವ ತಟ್ಟೆಯ ಮೇಲೂ ಅಚ್ಚಾಗಿಲ್ಲ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೇಳುತ್ತೇನೆ. ಹಾಗೆ ಕೇಳಿದಾಗ ಹಾಡು ಚಿಕ್ಕದಾಗುವುದಿಲ್ಲ, ಇನ್ನಷ್ಟು ಭಾರವಾಗುತ್ತದೆ.

'ಲುಕ್ ಓವರ್ ಯುವರ್ ಶೋಲ್ಡರ್' ರೇಡಿಯೊಗಳಲ್ಲಿ ಓಡಿತು, ಕಪ್ಪು ಜನರ ಸಂಗೀತದಲ್ಲಿ ಹೆಚ್ಚು ಓಡುವ ಹಾಡುಗಳ 'ರಿದಮ್ ಅಂಡ್ ಬ್ಲೂಸ್' ಪಟ್ಟಿಯನ್ನೂ ಏರಿತು. ರೇಡಿಯೊದವನಾಗಿ ನನಗೆ ಈ ಸಂಗತಿ ಮೇಲೆ ತುಂಬ ಪ್ರೀತಿ. ಮೈ ದಾಟಲಾರದ ಗೋಡೆಯನ್ನು ದನಿ ದಾಟಿತು. ಅವರ ಮನೆಯವರು ಅಡುಗೆಮನೆಯ ರೇಡಿಯೊ ಹಾಕಿದರೆ ಒಳಗಿರುವ ಮಗನ ದನಿ ಮನೆಯೊಳಗೆ ಬರಬಹುದಿತ್ತು.

1974ರಲ್ಲಿ ಎರಡನೇ ತಟ್ಟೆ ಬಂತು. ಹೆಸರು 'ತ್ರೀ ಡೌನ್, ಫೋರ್ ಟು ಗೋ'. ಏಳರಲ್ಲಿ ಮೂವರಿಗೆ ಬಿಡುಗಡೆಯಾಗಿತ್ತು, ನಾಲ್ವರು ಇನ್ನೂ ಒಳಗಿದ್ದರು. ಆ ಲೆಕ್ಕವೇ ಹೆಸರಾಯಿತು. ಇಷ್ಟು ಸೀದಾ, ಇಷ್ಟು ದಿಟವಾದ ಹೆಸರಿರುವ ತಟ್ಟೆ ನನಗೆ ಇನ್ನೊಂದು ಗೊತ್ತಿಲ್ಲ.

ಆಮೇಲೆ ಬಹುಕಾಲ ಈ ತಟ್ಟೆಗಳು ಹಳೇ ಅಂಗಡಿಗಳ ಪೆಟ್ಟಿಗೆಗಳಲ್ಲಿ ಉಳಿದವು. ಅವನ್ನು ಮತ್ತೆ ತಿರುಗಿಸಿದವರು ಹಿಪ್‌ಹಾಪ್ ಹುಡುಗರು. ಹಳೇ ಹಾಡಿನ ತುಣುಕು ಕತ್ತರಿಸಿ ಹೊಸದನ್ನು ಕಟ್ಟುವ ಕಸುಬು ಅವರದ್ದು. ಅವರಲ್ಲಿ ಡೆಟ್ರಾಯಿಟ್‌ನ ಜೆ ಡಿಲ್ಲಾ ಬಹು ದೊಡ್ಡ ಹೆಸರು. ಅವನ 'ಡೋನಟ್ಸ್' ಬಿಡುಗಡೆಯಾದದ್ದು 2006ರ ಫೆಬ್ರುವರಿ 7ರಂದು, ಅವನ 32ನೇ ಹುಟ್ಟುಹಬ್ಬದ ದಿನ. ಮೂರು ದಿನಕ್ಕೆ, ಬಹುಕಾಲದ ಕಾಯಿಲೆಯಿಂದ, ಅವನು ತೀರಿಕೊಂಡ. ಆ ಆಲ್ಬಮ್‌ನಲ್ಲಿ 'ಡೋಂಟ್ ಕ್ರೈ' ಎಂಬ ಸಣ್ಣ ತುಣುಕೊಂದಿದೆ. ಅದರಲ್ಲಿರುವುದು ಎಸ್ಕಾರ್ಟ್ಸ್ ದನಿ, ನೀನು ಅಳುವುದನ್ನು ನಾನು ನೋಡಲಾರೆ ಎನ್ನುವ ಹಾಡು. ಡಿಲ್ಲಾ ಮೊದಲು ಹಾಡನ್ನು ಹೆಚ್ಚುಕಡಿಮೆ ಇದ್ದ ಹಾಗೇ ಬಿಡುತ್ತಾನೆ. ಕೇಳಿ, ಮೂಲ ಹೀಗಿತ್ತು ಎಂದು ತೋರಿಸಿದ ಹಾಗೆ. ನಂತರ ಕತ್ತರಿ ಆಡಿಸುತ್ತಾನೆ. ಅಕ್ಷರಗಳು ಒಡೆದು ಬೇರೆ ಜಾಗದಲ್ಲಿ ಕೂಡುತ್ತವೆ, ಉಸಿರು ಸಿಕ್ಕಿಕೊಂಡವನು ಮಾತಾಡಿದಂತೆ.

ನೀವು ಕೇಳುವುದಾದರೆ ಅಲ್ಲಿಂದ ಶುರು ಮಾಡಬೇಡಿ. 'ಐಲ್ ಬಿ ಸ್ವೀಟರ್ ಟುಮಾರೊ' ಹಾಕಿಕೊಳ್ಳಿ. ರಾತ್ರಿ ಊಟವಾಗಿ ಬೀದಿಯ ಗದ್ದಲ ಇಳಿದ ಮೇಲೆ ಹಾಕಿದರೆ ಒಳ್ಳೆಯದು. ಮೊದಲ ಸಲ ಮುಂದಿನ ದನಿಯನ್ನು ಕೇಳಿ. ಎರಡನೇ ಸಲ ಅದನ್ನು ಬಿಟ್ಟು, ಹಿಂದೆ ಸಾಲಾಗಿ ನಿಂತವರನ್ನು ಮಾತ್ರ ಕೇಳಿ. ನಾಳೆ ಎಂಬ ಶಬ್ದವನ್ನು ಅವರು ಎಷ್ಟು ಉದ್ದ ಎಳೆಯುತ್ತಾರೆ ನೋಡಿ.

ನಮಸ್ಕಾರ.