ಮೈಸೂರಿನ ಒಂಟಿಕೊಪ್ಪಲಿನಲ್ಲಿ ಹಳೇ ಎಸ್‌ಎಲ್‌ಕೆ: ಟಾಪ್ ಅರ್ಧಕ್ಕೇ ನಿಂತಿತು!

ಬಣ್ಣ ನೋಡಿ ಮರುಳಾಗಬೇಡಿ. ಬಿಸಿಲಿನಲ್ಲಿ ಕೆಂಪು ಕಾರು ಚೆನ್ನಾಗಿಯೇ ಕಾಣುತ್ತದೆ. ಇದು 2009ರ ಮರ್ಸಿಡಿಸ್ ಎಸ್‌ಎಲ್‌ಕೆ 200, ಎರಡೇ ಸೀಟು, ಕೆಎ 09 ನಂಬರ್. ಕೊಳ್ಳೋಣ ಅಂತ ನೋಡಲು ಬಂದೆ, ಮಾಲೀಕರು ಕೇಳುತ್ತಿರುವುದು 15 ಲಕ್ಷ. 15 ವರ್ಷ ಆದ ಗಾಡಿಗೆ ಎಫ್‌ಸಿ ಮಾಡಿಸಿ ಆರ್‌ಸಿ ರಿನ್ಯೂ ಮಾಡಿಸಬೇಕು ಅಲ್ವಾ, ಅದು ಆಗಿದೆ. ಸರಿ, ಮುಂದೆ.

ವಿಡಿಯೊದಲ್ಲಿ ನಾನು ಇಲ್ಲಿ ಮಂಡಿಯೂರಿ ಕೂತಿರುವುದು ಟೈರಿನ ಮೇಲಿನ ಕೋಡ್ ಓದುವುದಕ್ಕೆ. ಕೊನೆಯ ನಾಲ್ಕು ಅಂಕಿ ನೋಡಿ, 1116. ಅಂದರೆ 2016ರ 11ನೇ ವಾರದ ಮಾಲು. ಬಟನ್, ಅಂದರೆ ಟೈರಿನ ಹಲ್ಲು, ಹೊಸದರ ಹಾಗೇ ಇದೆ, ಓಡಿಸಿದ್ದರೆ ತಾನೇ ಸವೆಯುವುದು! ಆದರೆ ಪಕ್ಕದ ರಬ್ಬರ್ ಸಣ್ಣಗೆ ಬಿರುಕು ಬಿಟ್ಟಿದೆ, ಉಗುರಿಗೆ ಸಿಗುತ್ತದೆ. ಮುಂದೆ 225, ಹಿಂದೆ 245 ಮಿಲಿಮೀಟರ್ ಅಗಲ, ಹಿಂದುಮುಂದು ಬದಲಾಯಿಸುವ ಹಾಗೂ ಇಲ್ಲ. ನಾಲ್ಕೂ ಹೊಸದೇ ಬೇಕು.

ಈಗ ಟಾಪ್, ಅಂದರೆ ಮಡಚುವ ಚಾವಣಿ. ಈ ಕಾರು ತಗೊಳ್ಳುವವರೆಲ್ಲ ಇದಕ್ಕೇ ತಗೊಳ್ಳುವುದು. ಮೊದಲು ಡಿಕ್ಕಿಯೊಳಗಿನ ಪರದೆ ಎಳೆದು ಕೊಕ್ಕೆಗೆ ಹಾಕಬೇಕು, ಇಲ್ಲದಿದ್ದರೆ ಅಲ್ಲಾಡುವುದೇ ಇಲ್ಲ. ಆಮೇಲೆ ಲೋಹದ ಟಾಪ್ 22 ಸೆಕೆಂಡಿನಲ್ಲಿ ಮಡಚಿಕೊಂಡು ಡಿಕ್ಕಿಯೊಳಗೆ ಕೂರುತ್ತದೆ. ಹೈಡ್ರಾಲಿಕ್ ಪಂಪು ಸಿಕ್ಕಾಪಟ್ಟೆ ಕರೆಂಟು ಎಳೆಯುತ್ತದೆ. "ಸ್ಟಾರ್ಟ್ ಮಾಡಿ ಒತ್ತಿ ಸಾರ್" ಅಂದೆ. "ಏನೂ ಆಗಲ್ಲ ಬಿಡಿ" ಅಂತ ಬರೀ ಕೀ ಆನ್ ಮಾಡಿ ಸ್ವಿಚ್ ಎಳೆದರು. ಡಿಕ್ಕಿ ತೆರೆಯಿತು, ಟಾಪ್ ಎದ್ದಿತು, ಅಲ್ಲೇ ನಿಂತಿತು. ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಅಷ್ಟೇ. ತಿಂಗಳುಗಟ್ಟಲೆ ಶೆಡ್‌ನಲ್ಲಿ ನಿಂತ ಬ್ಯಾಟರಿ.

ಗೇಟಿನ ಹತ್ತಿರ ಜನ ಸೇರಿದರು. ಹಾಲು ತಗೊಂಡು ಹೋಗುತ್ತಿದ್ದ ಅಜ್ಜಿ "ಮಳೆ ಬಂದ್ರೆ ಏನ್ ಮಾಡ್ತೀಯಪ್ಪಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೊಬ್ಬರು ತೋಳು ಮಡಚಿಕೊಂಡು "ಒಂದ್ ಸಲ ಅದುಮಿಬಿಡೋಣ" ಅಂತ ಬಂದೇಬಿಟ್ಟರು. ಬೇಡ ಅಣ್ಣಾ! ಬಾಗಿದರೆ ಆಮೇಲೆ ಸರಿಯಾಗಿ ಕೂರುವುದಿಲ್ಲ. ಆ ಹೊತ್ತಿಗೆ ನಾನು ಈ ಕಾರು ಬೇಡವೇ ಬೇಡ ಅಂತ ತೀರ್ಮಾನಿಸಿ ಆಗಿತ್ತು.

ಪಕ್ಕದ ಮನೆಯ ಓಮ್ನಿಯಿಂದ ಜಂಪರ್ ಕೇಬಲ್ ಹಾಕಿದರು. ಇಲ್ಲಿ ವಾಲ್ಯೂಮ್ ಜಾಸ್ತಿ ಮಾಡಿಕೊಳ್ಳಿ. ಎಂಜಿನ್ ಪೂರ್ತಿ ತಣ್ಣಗಿದೆ. ಇದರ ಟೈಮಿಂಗ್ ಚೈನ್, ಅಂದರೆ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆಯುವ ಹಾಗೆ ಮಾಡುವ ಸರಪಳಿ, ಸಡಿಲವಾಗಿದ್ದರೆ ಇಂಥ ಸ್ಟಾರ್ಟ್‌ನಲ್ಲೇ ಮೊದಲ ಕೆಲವು ಸೆಕೆಂಡು ಗಲಗಲ ಅನ್ನುತ್ತದೆ. ಕೇಳಿಸಿತಾ? ಇಲ್ಲ. ಮಾರುವವರು ಸಾಮಾನ್ಯವಾಗಿ ಎಂಜಿನ್ ಬಿಸಿ ಮಾಡಿಟ್ಟು ಕಾಯುತ್ತಿರುತ್ತಾರೆ, ಇಲ್ಲಿ ಆ ಆಟ ನಡೆಯಲಿಲ್ಲ. ಟಾಪ್ ಕೂಡ ಪೂರ್ತಿ ಹೋಗಿ ವಾಪಸ್ ಬಂತು. ಡಿಕ್ಕಿಯ ಕಾರ್ಪೆಟ್ ಎತ್ತಿ ಟಿಶ್ಯೂ ಒತ್ತಿದೆ. ಎಣ್ಣೆ ಇಲ್ಲ, ನೀರಿನ ಗುರುತೂ ಇಲ್ಲ. ಟಾಪ್ ಎತ್ತುವ ಹೈಡ್ರಾಲಿಕ್ ಸಿಲಿಂಡರ್ ಸೋರಿದ್ದರೆ ಎಲ್ಲಾದರೂ ಜಿಡ್ಡು ಇರಬೇಕಿತ್ತು. ಸರಿ, ಬೇಡ ಅಂದಿದ್ದು ವಾಪಸ್.

ಇದು ರಿಂಗ್ ರೋಡ್. 1.8 ಲೀಟರ್ ಅಷ್ಟೇ, ಆದರೆ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸೂಪರ್‌ಚಾರ್ಜರ್ ಇದೆ, ಒತ್ತಿದ ತಕ್ಷಣ ಎಳೆಯುತ್ತದೆ. ಊರೊಳಗೆ ಮಾತ್ರ ಹಂಪ್ ಕಾಟ. ಮೈಸೂರಿನಲ್ಲಿ ನಮಗೇನು ಅವಸರ ಅಂತ ಇಷ್ಟೊಂದು ಹಂಪ್ ಹಾಕುತ್ತಾರೋ! ನಮ್ಮ ಬೀದಿಯಲ್ಲಂತೂ ಬಣ್ಣವೂ ಬಳಿದಿಲ್ಲ, ರಾತ್ರಿ ಹೊತ್ತು... ಅಯ್ಯೋ, ಗೇಟು ಬಂದೇಬಿಟ್ಟಿತು.

ಬೇಗ ಹೇಳಿಬಿಡುತ್ತೇನೆ. ನಾನು 12 ಅಂದೆ, ಅವರು 14ಕ್ಕೆ ಇಳಿದಿದ್ದಾರೆ. ಟೈರು, ಬ್ಯಾಟರಿ ಹಾಕಿಸಿಕೊಟ್ಟರೆ 13ಕ್ಕೆ ಬರುತ್ತೇನೆ ಅಂದಿದ್ದೇನೆ. ಮನೆಯವರನ್ನು ಕೇಳಿ ಹೇಳುತ್ತಾರಂತೆ.