ಹಿಮದ ಟ್ರಕ್ಕಿಗೆ ಗಿರಾಕಿ ಹುಡುಕಿದ್ದು

ಕೇಳುಗರಿಗೆ ನಮಸ್ಕಾರ.

ನಾನಿರುವುದು ಅಮೆರಿಕದ ಬಫಲೋ ನಗರದ ದಕ್ಷಿಣಕ್ಕೆ, ಈರಿ ಸರೋವರದ ಹತ್ತಿರ. ಹುಟ್ಟಿದ್ದು ತೀರ್ಥಹಳ್ಳಿ ಕಡೆ. ಆಗುಂಬೆ ಮಳೆ ನೋಡಿ ಬೆಳೆದವನಿಗೆ ಇಲ್ಲಿಯ ಹಿಮ ಅರ್ಥವಾಗಲು ಕಷ್ಟವಾಗಲಿಲ್ಲ. ಅಲ್ಲಿ ಸಮುದ್ರದ ಗಾಳಿ ಘಟ್ಟಕ್ಕೆ ಬಡಿದು ಸುರಿಯುತ್ತದೆ. ಇಲ್ಲಿ ಕೊರೆಯುವ ಗಾಳಿ ಇನ್ನೂ ಬೆಚ್ಚಗಿರುವ ಸರೋವರದ ಮೇಲೆ ಹಾದು, ನೀರು ಹೀರಿಕೊಂಡು, ದಡ ಸೇರುತ್ತಲೇ ಹಿಮ ಚೆಲ್ಲುತ್ತದೆ. ಅದೂ ಒಂದು ಸಣ್ಣ ಪಟ್ಟಿಯಲ್ಲಿ. ನಾವು ಮುಳುಗಿರುವಾಗ ಹತ್ತು ಮೈಲಿ ಆಚೆ ಬಿಸಿಲು ಕಾಯುತ್ತಿರುತ್ತದೆ. 2022ರ ನವೆಂಬರಿನಲ್ಲಿ ನಾಲ್ಕೇ ದಿನಕ್ಕೆ ಈ ಭಾಗದಲ್ಲಿ 6 ಅಡಿಗಿಂತ ಜಾಸ್ತಿ ಬಿತ್ತು.

ನಮ್ಮ ಮನೆಯಿಂದ ರಸ್ತೆಗೆ ಮುನ್ನೂರು ಅಡಿ ದಾರಿ. ಸಲಿಕೆಯಲ್ಲಿ ಮುಗಿಯುವ ಕೆಲಸವಲ್ಲ. ಅದಕ್ಕೇ ಬಹಳ ವರ್ಷಗಳ ಹಿಂದೆ ಒಂದು ಹಳೇ ಪಿಕಪ್ ಟ್ರಕ್ ತಂದೆ. 1986ರ ಮಾಡೆಲ್, ಕಾರ್ಬುರೇಟರ್ ಎಂಜಿನ್, ನಾಲ್ಕೂ ಚಕ್ರ ಎಳೆಯುವಂಥದ್ದು. ಮೂತಿಗೆ 8 ಅಡಿ ಅಗಲದ ಉಕ್ಕಿನ ಹಲಗೆ. ಇಲ್ಲಿಯವರು ಅದನ್ನು ನೇಗಿಲು ಅಂತಲೇ ಕರೆಯುತ್ತಾರೆ. ಉಳುವುದೇನೂ ಇಲ್ಲ, ಗದ್ದೆ ಮಟ್ಟ ಮಾಡುವ ಹಲಗೆಯ ಹಾಗೆ ತಳ್ಳುತ್ತದೆ ಅಷ್ಟೆ. ಹೆಸರಿಟ್ಟವನು ಗದ್ದೆಗೆ ಇಳಿದವನಲ್ಲ ಬಿಡಿ.

ಹೋದ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಬಲಗಡೆಯಿಂದ ಟಕ್ ಟಕ್ ಶಬ್ದ ಬರತೊಡಗಿತು. ಚಕ್ರದ ಒಳಮೈಯಲ್ಲಿ ಗೇರ್ ಆಯಿಲ್ ಸೋರಿದ ಕಲೆ. ಜಾಕ್ ಕೊಟ್ಟು ಎತ್ತಿ, ಟಯರಿನ ಕೆಳಗೆ ಹಾರೆ ಕೊಟ್ಟು ಮೀಟಿದರೆ ಚಕ್ರ ಅಲ್ಲಾಡುತ್ತಿತ್ತು. ಚಕ್ರಕ್ಕೆ ಎಂಜಿನ್ ಬಲ ಮುಟ್ಟಿಸುವ ದಂಡ, ಅಂದರೆ ಆಕ್ಸಲ್, ರಿಪೇರಿಗೆ ಬಂದಿತ್ತು.

ಇಲ್ಲಿ ಸ್ವಲ್ಪ ಆಚೀಚೆ ಹೋಗುತ್ತೇನೆ, ಕ್ಷಮಿಸಿ. ಹಿಂದಿನ ಚಕ್ರಕ್ಕೆ ಎಂಜಿನ್ ಬಲ ಮುಟ್ಟಿಸುವುದು ಸುಲಭ, ಅದು ಯಾವಾಗಲೂ ನೆಟ್ಟಗೇ ಉರುಳುತ್ತದೆ. ಮುಂದಿನ ಚಕ್ರ ಉರುಳಲೂ ಬೇಕು, ಎಡಕ್ಕೆ ಬಲಕ್ಕೆ ಹೊರಳಲೂ ಬೇಕು. ಅಂದರೆ ಆಕ್ಸಲಿನ ತುದಿಯಲ್ಲಿ ನಮ್ಮ ಮೊಣಕೈ ಥರ ಒಂದು ಕೀಲು ಬೇಕು. ಮಡಚಿಕೊಂಡೂ ಸುತ್ತುವ ಕೀಲು. ವಿಸ್ಕಾನ್ಸಿನ್ ರಾಜ್ಯದ ಕ್ಲಿಂಟನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಓಟೋ ಜಾಖೋ, ವಿಲಿಯಂ ಬೆಸರ್ಡಿಕ್ ಎಂಬ ಭಾವ-ಮೈದುನರು ಅಂಥದ್ದೊಂದು ಕೀಲು ಮಾಡಿ 1908ರಲ್ಲಿ ಪೇಟೆಂಟ್ ಪಡೆದರು. ಮರುವರ್ಷ ಅದರಿಂದಲೇ ಒಂದು ಕಂಪನಿ ಹುಟ್ಟಿತು. ಮೊದಲ ಮಹಾಯುದ್ಧದ ಕೆಸರಿನಲ್ಲಿ ಅವರ ಮೂರು ಟನ್ನಿನ ಲಾರಿಗಳು ಸಾವಿರಗಟ್ಟಲೆ ಓಡಿದವು. ಯುದ್ಧ ಮುಗಿದ ಮೇಲೆ ಉಳಿದ ಲಾರಿಗಳನ್ನು ಸರ್ಕಾರ ರಾಜ್ಯಗಳ ರಸ್ತೆ ಇಲಾಖೆಗಳಿಗೆ ಹಂಚಿತು. ಹಾಗೆ ಅವು ಹಿಮ ತಳ್ಳುವುದಕ್ಕೂ ಬಂದವು.

ನನ್ನ ಟ್ರಕ್ಕಿನಲ್ಲಿ ಸವೆದದ್ದೂ ಆ ಮೊಣಕೈಯೇ.

ಸವೆಯದೆ ಇನ್ನೇನು? ಆ ಹಲಗೆ, ಅದರ ಚೌಕಟ್ಟು ಎಲ್ಲಾ ಸೇರಿ ಹೆಚ್ಚುಕಡಿಮೆ 350 ಕೆ.ಜಿ. ಮುಂದಿನ ಚಕ್ರಕ್ಕಿಂತಲೂ ಆಚೆ ನೇತಾಡುತ್ತಿರುತ್ತದೆ. ಮುಂದೆ ತಳ್ಳು, ಹಿಂದೆ ಬಾ, ಸ್ಟಿಯರಿಂಗ್ ಪೂರ್ತಿ ತಿರುಗಿಸು, ಮತ್ತೆ ತಳ್ಳು. ಅದರ ಮೇಲೆ ಉಪ್ಪು. ರಸ್ತೆಯ ಮಂಜುಗಡ್ಡೆ ಕರಗಿಸಲು ಇಲ್ಲಿ ಲಾರಿಗಟ್ಟಲೆ ಉಪ್ಪು ಸುರಿಯುತ್ತಾರೆ. ಕ್ಲೀವ್‌ಲ್ಯಾಂಡ್ ಬಳಿ ಈರಿ ಸರೋವರದ ತಳಕ್ಕೂ ಕೆಳಗೆ ಉಪ್ಪಿನ ಗಣಿಯೇ ಇದೆ. ಆ ಉಪ್ಪುನೀರು ಕೀಲನ್ನು ಮುಚ್ಚಿ ಕಾಯುವ ಸೀಲ್ ದಾಟಿ ಒಳಗೆ ಹೋಯಿತೋ, ಗ್ರೀಸ್ ಕೆಟ್ಟಿತು, ಕೀಲಿನ ಸೂಜಿ ಬೇರಿಂಗ್ ತುಕ್ಕು ಹಿಡಿಯಿತು.

ಗ್ಯಾರೇಜಿನವನು ರಿಪೇರಿಗೆ 1,800 ಡಾಲರ್ ಹೇಳಿದ. ಗುಜರಿಯವನು ಇದ್ದ ಹಾಗೇ 600 ಕೊಡುತ್ತೇನೆ ಎಂದ. ರಿಪೇರಿ ಮಾಡಿಸಿ ಮಾರಿದರೆ ಹಾಕಿದ ಹಣ ಹುಟ್ಟುವುದಿಲ್ಲ. ಚಾಸಿ, ಅಂದರೆ ಟ್ರಕ್ಕಿನ ಅಡಿಯ ಚೌಕಟ್ಟು, ತುಕ್ಕು ಹಿಡಿದಿತ್ತು. ನ್ಯೂಯಾರ್ಕ್ ರಾಜ್ಯದಲ್ಲಿ ವರ್ಷವರ್ಷ ಆಗಬೇಕಾದ ತಪಾಸಣೆಯಲ್ಲಿ ಅದು ಪಾಸಾಗುವ ಆಸೆ ನನಗಿರಲಿಲ್ಲ. ಅಂದರೆ ಇದು ಇನ್ನು ರಸ್ತೆಯ ವಾಹನವಲ್ಲ. ಅಂಗಳದ ಸಾಮಾನು. ಅದನ್ನು ಅಂಗಳದ ಸಾಮಾನು ಅಂತಲೇ ಮಾರಬೇಕು.

ಹಾಗೇ ಜಾಹೀರಾತು ಬರೆದೆ. ಮುಂದಿನ ಬಲ ಆಕ್ಸಲ್ ಹಾಳು, ಸೀಲ್ ಸೋರುತ್ತದೆ, ಚಾಸಿ ತುಕ್ಕು, ಎಂಜಿನ್ ಮತ್ತು ಹಲಗೆಯ ಹೈಡ್ರಾಲಿಕ್ ಚೆನ್ನಾಗಿವೆ, 1,400 ಡಾಲರ್. ನನ್ನವಳು ಓದಿ, "ಹೆಣ್ಣು ತೋರಿಸುವಾಗ ಯಾರಾದರೂ ಕುಂಟಿ ಅಂತ ಮೊದಲೇ ಹೇಳ್ತಾರಾ?" ಎಂದಳು. ನಮ್ಮ ಜಾನುವಾರು ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ಕಂಡವರು ನಾವು. ಆದರೂ ಎತ್ತಿನ ಹಲ್ಲನ್ನು ಮುಚ್ಚಲಾಗುತ್ತದೆಯೇ? ಕೊಳ್ಳುವವನು ಬಾಯಿ ಬಿಡಿಸಿಯೇ ನೋಡುತ್ತಾನೆ.

ಮೊದಲು ಬಂದವರು ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗ ಇದರಲ್ಲಿ ಕೆಲಸಕ್ಕೆ ಹೋಗಿಬರಬಹುದಲ್ವಾ, ಎಂದರು. ನಾನು ಕೊಡುವುದಿಲ್ಲ ಎಂದೆ. ಸಡಿಲವಾದ ಮುಂದಿನ ಚಕ್ರ ಇರುವ ಗಾಡಿಯನ್ನು ಹೆದ್ದಾರಿಗೆ ಬಿಟ್ಟು ಅವತ್ತು ರಾತ್ರಿ ನಿದ್ದೆ ಮಾಡುವುದು ಹೇಗೆ? ಅವರಿಗೆ ಸಿಟ್ಟು ಬಂತು. ಬರಲಿ.

ಎರಡನೆಯವರು ಹಸು ಸಾಕುವ ರೈತರು, ಅರವತ್ತು ದಾಟಿದವರು. ಮಾತಿಲ್ಲ ಕತೆಯಿಲ್ಲ, ನೇರ ಟ್ರಕ್ಕಿನ ಕೆಳಗೆ ತೂರಿದರು. ಸುತ್ತಿಗೆಯಿಂದ ಚಾಸಿ ತಟ್ಟಿ ಶಬ್ದ ಕೇಳಿದರು. ಆಮೇಲೆ ನಾನೇ ಟ್ರಕ್ ಹತ್ತಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಅಂಗಳದಲ್ಲಿ ಒಂದು ಸುತ್ತು ಹೊಡೆದೆ. ಟಕ್ ಟಕ್ ಟಕ್. ಅವರ ಮುಖ ಅರಳಿತು. "ನೀವು ಬರೆದದ್ದಕ್ಕಿಂತ ಜಾಸ್ತಿ ಏನೂ ಕೆಟ್ಟಿಲ್ಲ" ಎಂದರು. ಅವರಿಗೆ ಟ್ರಕ್ ಬೇಕಾಗಿದ್ದದ್ದು ಕೊಟ್ಟಿಗೆಯ ಮುಂದೆ ಹಿಮ ತಳ್ಳುವುದಕ್ಕೆ, ಅದು ಅವರ ಜಮೀನು ಬಿಟ್ಟು ಆಚೆ ಹೋಗುವುದಿಲ್ಲ. ಇನ್ನೊಂದು ಹಳೇ ಟ್ರಕ್ಕಿನ ಆಕ್ಸಲ್ ಅವರ ಶೆಡ್ಡಿನಲ್ಲೇ ಬಿದ್ದಿತ್ತಂತೆ. 1,300ಕ್ಕೆ ಮಾತಾಯಿತು.

ರಸೀದಿಯಲ್ಲಿ "ಇದ್ದ ಹಾಗೇ ಮಾರಾಟ" ಎಂದು ಬರೆದು, ಹಾಳಾದದ್ದನ್ನೆಲ್ಲಾ ಮತ್ತೊಮ್ಮೆ ಪಟ್ಟಿ ಮಾಡಿ, ಇಬ್ಬರೂ ಸಹಿ ಹಾಕಿದೆವು. ನಂಬರ್ ಪ್ಲೇಟ್ ನಾನೇ ಬಿಚ್ಚಿಕೊಂಡೆ. ಇಲ್ಲಿ ಪ್ಲೇಟ್ ಗಾಡಿಯ ಜೊತೆ ಹೋಗುವುದಿಲ್ಲ. ಅದನ್ನು ಮೋಟಾರು ವಾಹನ ಇಲಾಖೆಗೆ ಒಪ್ಪಿಸಿದ ಮೇಲೆಯೇ ವಿಮೆ ನಿಲ್ಲಿಸಬೇಕು. ಅವರು ಟ್ರಕ್ಕನ್ನು ಟ್ರೇಲರಿಗೆ ಹತ್ತಿಸಿ, ಸರಪಳಿ ಬಿಗಿದು ಹೊರಟರು.

ನವೆಂಬರಿನ ಒಂದು ಬೆಳಗ್ಗೆ, ಇನ್ನೂ ಆರು ಗಂಟೆ ಆಗಿರಲಿಲ್ಲ, ಅವರ ಫೋನು. "ಚಳಿಯಲ್ಲಿ ಸ್ಟಾರ್ಟ್ ಮಾಡುವಾಗ ಪೆಡಲ್ ಎರಡು ಸಲ ತುಳಿಯಬೇಕು ಅಂದಿರೋ, ಮೂರು ಸಲವೋ?"

"ಮೂರು" ಎಂದೆ. ನನ್ನ ಕೈಯಲ್ಲಿ ಸಲಿಕೆ ಇತ್ತು. ಹೊಸದಾಗಿ ಗೊತ್ತು ಮಾಡಿದ್ದ ಹಿಮ ತಳ್ಳುವವನು ಇನ್ನೂ ಬಂದಿರಲಿಲ್ಲ.